ಎಂಟೂಕಾಲಿನ ಬಸ್ಸಿಗೆ ಮುಂಚೆ ಒಂದು ದಪ್ಪ ದೋಸೆ

ನನ್ನ ಹೆಂಡತಿ ಎಸ್ಎಸ್ಎಲ್‌ಸಿ ಪರೀಕ್ಷೆಯ ಮೊದಲ ದಿನ ಬಸ್ಸು ಹತ್ತಿದ್ದು ಒಂದು ದೋಸೆಯ ದೆಸೆಯಿಂದ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಗೊತ್ತಿಲ್ಲ. ಹೇಳುವಾಗಲೆಲ್ಲ ಎದ್ದು ನಿಂತು, ಸೌಟು ಹಿಡಿದವನ ಹಾಗೆ ಕೈ ಆಡಿಸಿಕೊಂಡು ಹೇಳುತ್ತೇನೆ. ಕೇಳಿದವರು ನಗುತ್ತಾರೆ. ಬರೆದರೂ ನಗುತ್ತಾರೋ ನೋಡೋಣ ಎಂದು ಈಗ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತಿದ್ದೇನೆ.

ನಮ್ಮದು ಮಾಯಸಂದ್ರದ ಪಕ್ಕದ ಹಳ್ಳಿ. ಒಂದೂವರೆ ಎಕರೆ ತೆಂಗಿನ ತೋಟ, ಎರಡು ಹಸು. ಮಾಯಸಂದ್ರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ನಾನು ಮೂವತ್ತು ದಾಟಿದ ಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಹತ್ತನೇ ತರಗತಿ ಮುಗಿಸಿದವನು. ಆಗ ನಾನು ಓದುತ್ತಾ ಕೂತರೆ ಹೆಂಡತಿ ಟೀ ತಂದಿಟ್ಟು, ಹೋಗದೆ ಅಲ್ಲೇ ನಿಂತು ಪುಸ್ತಕದೊಳಗೆ ಇಣುಕುತ್ತಿದ್ದಳು. ಅವಳು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಆ ಇಣುಕುವುದರ ಅರ್ಥ ತಿಳಿಯುವುದಕ್ಕೆ ನನಗೆ ಹದಿನೈದು ವರ್ಷ ಬೇಕಾಯಿತು. ಒಂದು ದಿನ ಅಂಗಡಿಯಲ್ಲಿ ಯಾರದೋ ಮಗಳ ಪರೀಕ್ಷೆ ಫಾರ್ಮ್ ತುಂಬಿಸುತ್ತಿದ್ದಾಗ ಅವಳು ಊಟ ತಂದಳು. ಬುತ್ತಿ ಕೆಳಗಿಟ್ಟು, ನಂದೂ ಒಂದು ತುಂಬಿ ಅಂದಳು. ತುಂಬಿದೆ.

ಆ ವರ್ಷ ಅವಳು ಹೋಗಲಿಲ್ಲ. ಪರೀಕ್ಷೆಯ ಬೆಳಿಗ್ಗೆಯೇ ಹಾಸನದ ಕಡೆಯಿಂದ ನೆಂಟರು ಬಂದಿಳಿದರು. ಬಂದವರನ್ನು ಬಿಟ್ಟು ಹೋಗುವುದು ಹೇಗೆ ಎಂದು ಸೀರೆ ಬದಲಾಯಿಸಿ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಳು. ನಾನೂ ಹೋಗು ಎನ್ನಲಿಲ್ಲ, ಅದು ನನ್ನ ತಪ್ಪು. ಹಾಲ್ ಟಿಕೆಟ್ಟನ್ನು ಅವಳು ಹರಿಯಲಿಲ್ಲ, ಸಕ್ಕರೆ ಡಬ್ಬದ ಕೆಳಗೆ ಹಾಸಿದಳು. ದಿನಾ ಟೀ ಮಾಡುವಾಗ ಡಬ್ಬ ಎತ್ತಿದರೆ ಅವಳ ಫೋಟೋ ಕಾಣುತ್ತಿತ್ತು.

ಮುಂದಿನ ವರ್ಷ ಮತ್ತೆ ಕಟ್ಟಿದೆವು. ಟೈಂ ಟೇಬಲ್ ಬಂತು. ನೋಡಿದರೆ ಮೊದಲ ಪರೀಕ್ಷೆ, ಕನ್ನಡದ್ದು, ಸರಿಯಾಗಿ ನಮ್ಮ ಮನೆಯಲ್ಲಿ ಕೊಬ್ಬರಿ ಸುಲಿಯುವ ದಿನವೇ.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಲಿತ ತೆಂಗಿನಕಾಯಿಯನ್ನು ನಾವು ಮಟ್ಟೆ, ಅಂದರೆ ನಾರಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಆರಿ, ಕಾಯಿ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಕಟಕಟ ಎನ್ನುತ್ತದೆ. ಆಮೇಲೆ ಸುಲಿಯುವವರು ಬಂದು ನೆಲದಲ್ಲಿ ಕಬ್ಬಿಣದ ಗೂಟ ನೆಟ್ಟು, ಮಟ್ಟೆ ಸುಲಿದು, ಚಿಪ್ಪು ಒಡೆದು ಕೊಬ್ಬರಿ ತೆಗೆಯುತ್ತಾರೆ. ಸಂಪಿಗೆ ಊರಿನ ಕಡೆಯ ಐದು ಜನರ ಗುಂಪೊಂದು ವರ್ಷ ವರ್ಷವೂ ನಮ್ಮ ಮನೆಗೆ ಬರುತ್ತದೆ. ಅವರ ದಿನ ತಪ್ಪಿದರೆ ಇನ್ನೊಂದು ತಿಂಗಳು ಕಾಯಬೇಕು. ಅಷ್ಟರಲ್ಲಿ ಅಟ್ಟದ ಮೇಲೆ ಇಲಿ ತಿಂದದ್ದು ತಿಂದಂತೆ.

ಅವರು ಬಂದ ಮೊದಲ ದಿನ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಬೆಳಗಿನ ತಿಂಡಿ ಮನೆಯದು. ಮೊದಲ ತಟ್ಟೆಗೆ ಮೊದಲ ತಿಂಡಿಯನ್ನು ಮನೆಯ ಹೆಂಗಸೇ ಕೈಯಾರೆ ಬಡಿಸಬೇಕು. ಅದಾದ ಮೇಲೆಯೇ ಗೂಟ ನೆಡುವುದು. ನಮ್ಮಮ್ಮ ನಡೆಸಿಕೊಂಡು ಬಂದದ್ದು, ಈಗ ನನ್ನ ಹೆಂಡತಿ ನಡೆಸುತ್ತಾಳೆ. ತಿಂಡಿ ಎಂದರೆ ಕಾಯಿ ದೋಸೆ. ಉಪ್ಪಿಟ್ಟು ಗಿಪ್ಪಿಟ್ಟು ನಡೆಯುವುದಿಲ್ಲ. ಗೂಟದ ಮುಂದೆ ನಿಂತವನಿಗೆ ಮಧ್ಯಾಹ್ನ ಎರಡು ಗಂಟೆಯವರೆಗೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲಬೇಕು.

ಟೈಂ ಟೇಬಲ್ ನೋಡಿದ ಹೆಂಡತಿ ಹಸು ಕಟ್ಟಲು ಹೋದಳು. ಅವಳ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು, ಹೋದ ವರ್ಷದ ಒಬ್ಬಟ್ಟಿನ ಬೇಳೆ ಮತ್ತೆ ಬೇಯುತ್ತಿದೆ ಎಂದು. ನಾನು ಹಿಂದೆಯೇ ಹೋಗಿ ಹೇಳಿದೆ. ದೋಸೆ ನಾನು ಹಾಕುತ್ತೇನೆ, ನೀನು ಹಿಂದಿನ ದಿನದಿಂದ ಅಡುಗೆಮನೆಗೆ ಕಾಲಿಡಬೇಡ, ಮೊದಲ ದೋಸೆ ಒಂದು ಬಡಿಸಿ ಎಂಟೂಕಾಲಿನ ಬಸ್ಸು ಹತ್ತು.

“ನೀವು ದೋಸೆ ಹಾಕಿರೋದು ಯಾವ್ ಕಾಲ್ದಾಗೆ?” ಎಂದು ಕೇಳಿದಳು.

ಯಾವ ಕಾಲದಲ್ಲೂ ಇಲ್ಲ. ನೋಡ್ತಾ ಇರು ಅಂದೆ.

ಹಿಂದಿನ ದಿನ ಅಂಗಡಿಗೆ ಬೀಗ ಹಾಕಿದೆ. ಬೆಳಿಗ್ಗೆಯೇ ಅಕ್ಕಿ, ಒಂದು ಹಿಡಿ ಉದ್ದು, ಮೆಂತ್ಯ ನೆನೆಹಾಕಿದೆ. ಅಳತೆಯನ್ನೆಲ್ಲ ಹೆಂಡತಿಯನ್ನು ಕೇಳಿ ಹಾಳೆಯಲ್ಲಿ ಬರೆದು ಕಿಟಕಿಗೆ ಅಂಟಿಸಿಕೊಂಡಿದ್ದೆ. ಸಂಜೆ ಗ್ರೈಂಡರಿನಲ್ಲಿ ಅಕ್ಕಿ ತಿರುಗುತ್ತಿತ್ತು, ನಡುಮನೆಯಲ್ಲಿ ಅವಳು ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಆ ಎರಡು ಸದ್ದು ಸೇರಿ ನನಗೆ ಎಂಥದೋ ಹುಮ್ಮಸ್ಸು ಬಂತು. ನಮ್ಮ ಮನೆಯಲ್ಲಿ ಪರೀಕ್ಷೆಯ ಹಬ್ಬ ನಡೆದಂತೆ ಅನ್ನಿಸಿತು. ಆ ಹುಮ್ಮಸ್ಸಿನಲ್ಲೇ ಆ ಕೆಲಸ ಮಾಡಿದೆ.

ಹಾಳೆಯಲ್ಲಿ ‘ಕಾಯಿ ಒಂದು’ ಎಂದಿತ್ತು. ಹಿತ್ತಲಲ್ಲಿ ಹಸಿಕಾಯಿ ಬೇಕಾದಷ್ಟು ಬಿದ್ದಿದ್ದವು. ಆದರೆ ಹುಟ್ಟಿದಾಗಿನಿಂದ ಕೊಬ್ಬರಿಯ ಮನೆಯಲ್ಲಿ ಬೆಳೆದವನ ತಲೆ ಹೇಗೆ ಓಡುತ್ತದೆ ನೋಡಿ. ಹಸಿಕಾಯಿ ಎಂದರೆ ನಮಗೆ ಇನ್ನೂ ಆಗದ ಕಾಯಿ. ಅಟ್ಟದಲ್ಲಿ ಕೂತು ಕಟಕಟ ಎನ್ನುವುದೇ ಆದ ಕಾಯಿ. ಅದಕ್ಕೇ ಬೆಲೆ, ಅದಕ್ಕೇ ಮರ್ಯಾದೆ. ಹೆಂಡತಿಯ ಪರೀಕ್ಷೆಯ ದಿನದ ದೋಸೆಗೆ ಆಗದ ಕಾಯಿ ಏಕೆ ಹಾಕಬೇಕು? ಅಟ್ಟ ಹತ್ತಿದೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಎಲ್ಲಕ್ಕಿಂತ ಚೆನ್ನಾಗಿ ಸದ್ದು ಮಾಡಿದ ಎರಡನ್ನು ಆರಿಸಿದೆ. ಹಾಳೆಯಲ್ಲಿ ಒಂದು ಎಂದಿದ್ದರೂ ಎರಡು. ಸುಲಿದು, ಚಿಪ್ಪು ಒಡೆದು, ಚೆಂಡಿನಂಥ ಕೊಬ್ಬರಿಗಳನ್ನು ಚಾಕುವಿನಲ್ಲಿ ಹೆಚ್ಚಿ ಮಿಕ್ಸಿಗೆ ಹಾಕಿದೆ. ಮಿಕ್ಸಿ ಬಿಸಿಯಾಯಿತು. ಬಿಟ್ಟು ಬಿಟ್ಟು ತಿರುಗಿಸಿದೆ. ಕೊನೆಗೆ ಹೊಳೆಯುವ ಮುದ್ದೆಯಾಯಿತು. ಹೊಳಪು ಕಂಡು ಖುಷಿಪಟ್ಟು ಹಿಟ್ಟಿಗೆ ಬೆರೆಸಿ ಮುಚ್ಚಿಟ್ಟೆ.

ಬೆಳಿಗ್ಗೆ ಆರೂವರೆಗೆಲ್ಲ ಗುಂಪು ಬಂತು. ಗುಂಪಿನ ಮೇಸ್ತ್ರಿ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅವರನ್ನು ನಾನು ಅಣ್ಣ ಎನ್ನುತ್ತೇನೆ. ಅವರ ಜೊತೆ ಇನ್ನಿಬ್ಬರು ಗಂಡಸರು. ಚಿಪ್ಪು ಒಡೆಯುವುದಕ್ಕೆ ಇಬ್ಬರು ಹೆಂಗಸರು, ಅದರಲ್ಲಿ ಒಬ್ಬರು ಮೇಸ್ತ್ರಿಯ ತಾಯಿ. ಎಪ್ಪತ್ತು ದಾಟಿದರೂ ಮಚ್ಚಿನ ಹಿಂಬದಿಯಿಂದ ಎರಡು ಏಟಿಗೆ ಚಿಪ್ಪು ಬಿಡಿಸುವ ಕೈ. ಊರೆಲ್ಲ ಅವರನ್ನು ದೊಡ್ಡವ್ವ ಎನ್ನುವುದು. ಎಲ್ಲರೂ ಕೈಕಾಲು ತೊಳೆದು ಜಗುಲಿಯ ಮೇಲೆ ಸಾಲಾಗಿ ಕೂತರು.

ಹೆಂಡತಿ ತಲೆಗೆ ಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ಹಾಲ್ ಟಿಕೆಟ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಅಡುಗೆಮನೆಯ ಹೊಸ್ತಿಲಾಚೆ ಮಣೆ ಹಾಕಿ ಕೂತಿದ್ದಳು. ಮಡಿಲಲ್ಲಿ ಪುಸ್ತಕ. ಕಣ್ಣು ನನ್ನ ಮೇಲೆ.

ಹಿಟ್ಟು ಉಬ್ಬಿ ಮುಚ್ಚಳ ತಳ್ಳಿತ್ತು. ಮೇಲೆ ತೆಳ್ಳಗೆ ಎಣ್ಣೆ ನಿಂತಿತ್ತು. ಅದೂ ಒಳ್ಳೆಯದೇ ಎಂದು ಕಲಸಿಬಿಟ್ಟೆ. ಕಾವಲಿ ಕಾಯಿತು. ಒಂದು ಸೌಟು ಹೊಯ್ದು, ಅವಳು ಮಾಡುವ ಹಾಗೆಯೇ ಸೌಟಿನ ತಳದಿಂದ ಸುತ್ತಲೂ ಎಳೆದೆ. ಹಿಟ್ಟು ಕಾವಲಿಗೆ ಅಂಟಲಿಲ್ಲ. ಸೌಟು ಹೋದ ಕಡೆಗೆಲ್ಲ ಅದರ ಹಿಂದೆಯೇ ಉರುಳಿಕೊಂಡು ಬಂತು. ಕೊನೆಗೆ ಸೌಟಿಗೇ ಸುತ್ತಿಕೊಂಡಿತು.

ಮೊದಲನೆಯದು ಹೀಗೇ ಎಂದುಕೊಂಡೆ. ಎರಡನೆಯದೂ ಹಾಗೆಯೇ ಆಯಿತು. ಈರುಳ್ಳಿ ಕತ್ತರಿಸಿ ಕಾವಲಿಗೆ ಉಜ್ಜಿದೆ. ಉಪ್ಪು ಉಜ್ಜಿದೆ. ಇನ್ನಷ್ಟು ಎಣ್ಣೆ ಹಾಕಿದೆ. ಮೂರನೆಯದು ಕಾವಲಿಯ ಮೇಲೆ ಜಾರಿ ಒಂದು ಮೂಲೆಗೆ ಹೋಗಿ ಗುಡ್ಡೆಯಾಗಿ ನಿಂತಿತು. ಗೋಡೆಯ ಗಡಿಯಾರದಲ್ಲಿ ಏಳು ಹತ್ತು. ಜಗುಲಿಯಲ್ಲಿ ಐದು ಜನ ಖಾಲಿ ತಟ್ಟೆಯ ಮುಂದೆ ಕೂತು ಅಡುಗೆಮನೆಯ ಕಡೆ ನೋಡುತ್ತಿದ್ದರು.

ಹೆಂಡತಿ ಎದ್ದಳು. ಪುಸ್ತಕವನ್ನು ಮಣೆಯ ಮೇಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ನಾನು ಸೌಟು ಹಿಡಿದೇ ಬಾಗಿಲಿಗೆ ಅಡ್ಡ ನಿಂತೆ.

“ದಾರಿ ಬುಡಿ,” ಅಂದಳು. “ಬೇರೆ ಏನಾರ ಮಾಡ್ತೀನಿ. ಅವ್ರು ಹಸ್ಕೊಂಡ್ ಕೂತವ್ರೆ.”

“ಬಸ್ಸು?”

“ಮುಂದಿನ್ ವರ್ಸ ಬರ್ದ್ರಾಯ್ತು. ಪರೀಕ್ಷೆ ಎಲ್ಲೂ ಓಡೋಗಲ್ಲ.”

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಾಗುತ್ತಿದ್ದೆ. ಅವಳು ಸಮಾಧಾನವಾಗಿ ಹೇಳಿದಳು, ನನಗೇ ಸಮಾಧಾನ ಮಾಡುವ ಹಾಗೆ. ಅದು ನನ್ನನ್ನು ಕೊಂದುಹಾಕಿತು. ನಾನು ಅಲುಗಲಿಲ್ಲ. ಅವಳೂ ಹಿಂದೆ ಸರಿಯಲಿಲ್ಲ.

ಆಗ ದೊಡ್ಡವ್ವ ಎದ್ದು ಒಳಗೆ ಬಂದರು. ನಮ್ಮ ಮಾತು ಕೇಳಿ ಬಂದವರಲ್ಲ, ವಾಸನೆಯ ಜಾಡು ಹಿಡಿದು ಬಂದವರು. ನಮ್ಮಿಬ್ಬರ ನಡುವೆ ತೂರಿ, ಹಿಟ್ಟಿನ ಪಾತ್ರೆಗೆ ಬೆರಳು ಅದ್ದಿ, ಬೆರಳಿಗೆ ಬೆರಳು ಉಜ್ಜಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

“ಮಗ, ಇದಕ್ಕೆ ಯಾವ್ ಕಾಯಿ ಹಾಕ್ದೆ?”

ಅಟ್ಟದ್ದು ಅಂದೆ. ಎಷ್ಟು ಎಂದು ಕೇಳಿದರು. ಎರಡು ಅಂದೆ. ಚೆನ್ನಾಗಿ ಆಗಿದ್ದವೇ ಎಂದರು. ಬಹಳ ಚೆನ್ನಾಗಿ ಆಗಿದ್ದವು ಅಂದೆ.

ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟು ಜಗುಲಿಗೆ ಕೇಳುವಂತೆ ಹೇಳಿದರು: “ಲೇ, ನಾವ್ ಸುಲಿಯಾಕೆ ಬಂದ್ರೆ ಇವ್ನು ಆಗ್ಲೇ ಸುಲ್ದು ರುಬ್ಬಿಬುಟ್ಟವ್ನೆ ಕಣ್ರಲಾ. ದೋಸೆ ಹಿಟ್ಟಲ್ಲ, ಎಣ್ಣೆ ಗಾಣ.”

ಜಗುಲಿಯಲ್ಲಿ ನಗು ಎದ್ದಿತು. ಮೇಸ್ತ್ರಿ, ಹಂಗಾದ್ರೆ ತಲೆಗೆ ಸವರ್ಕಂಡು ಹೋಗೋಣ ಬುಡಿ ಅಂದರು. ನಾನು ನಾಚಿಕೆಯಿಂದ ಬೆವತೆ. ಹೆಂಡತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆದರೆ ಅವಳ ಕೈ ಉಪ್ಪಿಟ್ಟಿನ ರವೆಯ ಡಬ್ಬದ ಕಡೆಗೇ ಹೋಗುತ್ತಿತ್ತು.

ದೊಡ್ಡವ್ವ ಅವಳ ಕೈ ಹಿಡಿದು ನಿಲ್ಲಿಸಿ ನನಗೆ ಹೇಳಿದರು. “ಎಣ್ಣೆ ಹಿಟ್ನ ಎಳೀಬಾರ್ದು ಕಣಪ್ಪ. ಹೊಯ್ದು ಬುಟ್ಟುಬುಡು. ಮುಟ್ಟಬ್ಯಾಡ.”

ಅಷ್ಟೇ ಹೇಳಿ ಹೋಗಿ ತಮ್ಮ ಜಾಗದಲ್ಲಿ ಕೂತರು.

ಎರಡು ಸೌಟು ಒಟ್ಟಿಗೆ ಹೊಯ್ದೆ. ಸೌಟನ್ನು ದೂರ ಇಟ್ಟೆ, ಕೈ ತಡೆಯುವುದಿಲ್ಲವಲ್ಲ. ಹಿಟ್ಟು ತಾನೇ ನಿಧಾನವಾಗಿ ಅಗಲವಾಗಿ, ಅಂಗೈ ಅಗಲಕ್ಕೆ ಬಂದು, ಅದನ್ನೂ ದಾಟಿ ನಿಂತಿತು. ಬೆರಳಿನಷ್ಟು ದಪ್ಪ. ಉರಿ ಸಣ್ಣ ಮಾಡಿ ಮೇಲೆ ಒಂದು ಊಟದ ತಟ್ಟೆ ಬೋರಲು ಹಾಕಿದೆ. ಹೆಂಡತಿ ನನ್ನ ಪಕ್ಕಕ್ಕೇ ಬಂದು ನಿಂತಿದ್ದಳು. ಇಬ್ಬರೂ ಆ ತಟ್ಟೆಯನ್ನು ನೋಡುತ್ತಾ ನಿಂತೆವು.

ತಟ್ಟೆ ಎತ್ತಿದೆ. ಆವಿ ಮುಖಕ್ಕೆ ಹೊಡೆಯಿತು. ದೋಸೆಯ ಮೈತುಂಬ ತೂತು, ಜೇನುಗೂಡಿನ ಹಾಗೆ, ಒಂದೊಂದು ತೂತಿನಲ್ಲೂ ಎಣ್ಣೆ ಸಣ್ಣಗೆ ಗುಳುಗುಳು ಎನ್ನುತ್ತಿತ್ತು. ಅಂಚು ಕೆಂಪಾಗಿತ್ತು. ಮಗುಚುವ ಕೈ ಹಾಕಿದರೆ ಎಲ್ಲೂ ಹಿಡಿಯಲಿಲ್ಲ, ತಾನೇ ಜಾರಿ ಬಂತು. ಬೆನ್ನು ಹೊಂಗಂದು. ಕೊಬ್ಬರಿ ಹುರಿದ ವಾಸನೆ ಜಗುಲಿಗೆ ಹೋಗಿರಬೇಕು, ಅಲ್ಲಿ ತಟ್ಟೆಗಳು ಮುಂದೆ ಸರಿದ ಸದ್ದಾಯಿತು.

ಏಳೂ ಇಪ್ಪತ್ತೈದು. ಹೆಂಡತಿ ಅದನ್ನು ತಟ್ಟೆಗೆ ಹಾಕಿಕೊಂಡು, ಪಕ್ಕದಲ್ಲಿ ಹುಚ್ಚೆಳ್ಳಿನ ಚಟ್ನಿಪುಡಿ, ಅದರ ಮೇಲೆ ಬೆಣ್ಣೆಯ ಉಂಡೆ ಇಟ್ಟು ಹೊರಗೆ ಹೋದಳು. ಮೊದಲ ತಟ್ಟೆ ಮೇಸ್ತ್ರಿಗೆ ಎಂದು ರೂಢಿ. ಮೇಸ್ತ್ರಿ ತಮ್ಮ ತಾಯಿಯ ಕಡೆ ತೋರಿಸಿದರು. ಅವಳು ಅದನ್ನು ದೊಡ್ಡವ್ವನ ಮುಂದಿಟ್ಟಳು. ಪದ್ಧತಿ ಮುಗಿಯಿತು. ಇನ್ನು ಅವಳು ಹೊರಡಬಹುದಿತ್ತು.

ಹೊರಡಲಿಲ್ಲ. ನಾಲ್ಕು ಜನ ಕಾಯುತ್ತಿದ್ದಾರೆ, ಒಂದು ದೋಸೆಗೆ ಆರು ನಿಮಿಷ, ಒಬ್ಬೊಬ್ಬರಿಗೆ ನಾಲ್ಕೈದು, ಹೀಗಾದರೆ ಇವರ ಹೊಟ್ಟೆ ತುಂಬುವುದು ಹತ್ತು ಗಂಟೆಗೆ ಎಂದು ಅಲ್ಲೇ ಲೆಕ್ಕ ಹಾಕಿದಳು. ಅವಳು ಗಣಿತಕ್ಕೆ ಹೆದರುತ್ತಾಳೆ ಎಂದು ಯಾರು ಹೇಳಬೇಕು? ನಾನು ಅವಳನ್ನು ಮಣೆಯ ಮೇಲೆ ಕೂರಿಸಿ ಪುಸ್ತಕ ಕೈಗೆ ಕೊಟ್ಟು, ಗ್ಯಾಸಿನ ಎರಡನೇ ಒಲೆಯ ಮೇಲೆ ಬಾಣಲೆ ಇಟ್ಟೆ. ಹಿತ್ತಲಲ್ಲಿ ನೀರು ಕಾಯಿಸುವ ಒಲೆಯ ಮೇಲಿನ ಹಂಡೆ ಇಳಿಸಿ ಹಳೆಯ ರೊಟ್ಟಿ ಹೆಂಚು ಏರಿಸಿದೆ. ಕಾವಲಿಗೆ ಎರಡು ಸೌಟು, ಬಾಣಲೆಗೆ ಎರಡು, ಓಡಿಹೋಗಿ ಹೆಂಚಿಗೆ ಎರಡು. ಮುಚ್ಚು. ಓಡಿ ಬಂದು ಕಾವಲಿಯದ್ದು ಮಗುಚು. ಹೆಂಚಿನದು ಒಂದು ಕಡೆ ಸೀದಿತು, ಆ ಕಡೆಯನ್ನು ಕೆಳಗೆ ಮಾಡಿ ಬಡಿಸಿದೆ. ಬಾಣಲೆಯದು ನಡುವೆ ಉಬ್ಬಿ ಬನ್ನಿನ ಹಾಗೆ ಬಂತು. ಅದು ಬೇಕು ನನಗೆ ಎಂದು ಇಬ್ಬರು ಕೇಳಿದರು. ನಲವತ್ತೈದು ದಾಟಿದ ಕಾಲು ಇಷ್ಟು ಓಡುತ್ತದೆಂದು ನನಗೇ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಜಗುಲಿಗೆ, ನಡುವೆ ಅವಳ ಬಾಯಿಪಾಠ ಕಿವಿಗೆ ಬೀಳುತ್ತಿತ್ತು. ಒಂದು ಕಡೆ ಸಾಲು ತಪ್ಪಿದಳು, ಓಡುತ್ತಲೇ ಸರಿಯಾದದ್ದನ್ನು ಹೇಳಿದೆ.

ಪ್ರತಿ ವರ್ಷ ಈ ಜನ ನಾಲ್ಕೈದು ದೋಸೆ ತಿಂದೇ ಏಳುವವರು. ಅವತ್ತು ಎರಡನೆಯದು ಮುಗಿಯುತ್ತಲೇ ಮೇಸ್ತ್ರಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಸಂಕೋಚ ಬೇಡ ಅಣ್ಣ ಎಂದೆ. ಬಸ್ಸಿನ ವಿಷಯ ಗೊತ್ತಾಗಿ ಹೀಗೆ ಮಾಡುತ್ತಿದ್ದಾರೆಯೇ ಎಂದು ಅನುಮಾನ.

“ಸಂಕೋಚ ಅಲ್ಲ ಕಣಪ್ಪ, ಎದೆ ಮಟ್ಟಕ್ಕೆ ಬಂದೈತೆ,” ಎಂದರು. “ಇನ್ನೊಂದು ತಿಂದ್ರೆ ಗೂಟ ನೆಡಾಕೆ ಬಗ್ಗಕ್ಕಾಗಲ್ಲ. ಆಯಮ್ಮನ್ನ ಕಳ್ಸು ಮೊದ್ಲು.”

ಎಂಟು ಗಂಟೆ ಐದು ನಿಮಿಷ. ಬಸ್ಸು ನಿಲ್ಲುವ ಜಾಗ ನಮ್ಮ ಮನೆಯಿಂದ ಎರಡು ತೋಟ ದಾಟಿ. ಹೆಂಡತಿ ಚಪ್ಪಲಿ ಮೆಟ್ಟಿದಳು. ತಿಂಡಿ ತಿಂದಿರಲಿಲ್ಲ. ಬಾಣಲೆಯಲ್ಲಿದ್ದ ಕೊನೆಯ ದೋಸೆಯನ್ನು ಬಿಸಿಬಿಸಿಯಾಗಿ ಹಾಳೆಯಲ್ಲಿ ಸುತ್ತಿ ಹಿಂದೆ ಓಡಿದೆ. ಆ ಹಾಳೆ ನಾನು ಅಳತೆ ಬರೆದುಕೊಂಡದ್ದೇ, ಕೈಗೆ ಸಿಕ್ಕಿದ್ದು ಅದು. ಅವಳು ನಡೆಯುತ್ತಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಎರಡನೇ ಚೂರು ಮುರಿದಳು. ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಬಾಯಲ್ಲಿ ದೋಸೆ ಇಟ್ಟುಕೊಂಡೇ ಹತ್ತಿದಳು. ಬಸ್ಸು ಪರೀಕ್ಷಾ ಕೇಂದ್ರವಿದ್ದ ತುರುವೇಕೆರೆ ಕಡೆಗೆ ಹೊರಟ ಮೇಲೆ ನೋಡಿಕೊಂಡರೆ ನನ್ನ ಕೈಯಲ್ಲಿ ಇನ್ನೂ ಮಗುಚುವ ಕೈ ಇತ್ತು. ಕಂಡಕ್ಟರ್ ಅದನ್ನು ನೋಡಿದ್ದ.

ಮನೆಗೆ ಬರುವಷ್ಟರಲ್ಲಿ ಗೂಟ ನೆಟ್ಟಾಗಿತ್ತು. ಮಟ್ಟೆ ಸಿಗಿಯುವ ಸದ್ದು ಕೇಳುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಕರೆದರೆ, ಇನ್ನೊಂದು ಗಳಿಗೆ ಹೋಗಲಿ, ಬೆಳಗಿನದೇ ಕೂತಿದೆ ಎಂದರು. ಆಗ ನನ್ನ ಅನುಮಾನ ಹೋಯಿತು.

ಸಂಜೆ ನಾಲ್ಕೂವರೆಗೆ ಅವಳು ಬಸ್ಸಿಳಿದಳು. ನಾನು ಮೂರೂವರೆಯಿಂದಲೇ ಅಲ್ಲಿ ನಿಂತಿದ್ದೆ. ಇಳಿದವಳೇ ಮಾತು ಶುರು ಮಾಡಿದಳು, ಎರಡು ತೋಟ ದಾಟುವವರೆಗೆ ಉಸಿರು ತೆಗೆದುಕೊಳ್ಳಲಿಲ್ಲ. ಪದ್ಯ ಬಂದಿತ್ತಂತೆ, ಪೂರ್ತಿ ಬರೆದಳಂತೆ. ಪತ್ರ ಬರೆಯುವುದಕ್ಕೆ ಜಾಗ ಸಾಲದೆ ಇನ್ನೊಂದು ಹಾಳೆ ಕೇಳಿ ಪಡೆದಳಂತೆ. ಇನ್ನೊಂದು ಹಾಳೆ ಕೇಳಿದ್ದನ್ನು ಮೂರು ಸಲ ಹೇಳಿದಳು. ಪಕ್ಕದ ಬೆಂಚಿನ ಹುಡುಗಿ, ಆಂಟಿ ನೀವು ಮೇಡಂ ಅಲ್ವಾ, ಪರೀಕ್ಷೆ ಬರೆಯೋರಾ ಎಂದು ಕೇಳಿದಳಂತೆ.

ಜಗುಲಿಯಲ್ಲಿ ದೊಡ್ಡವ್ವ ಕೈ ತೊಳೆದು ಕೂತಿದ್ದರು. ಹೆಂಗಾಯ್ತವ್ವ ಎಂದರು. ನನ್ನ ಹೆಂಡತಿ ಅವರ ಪಕ್ಕ ಕೂತು ಅಂಗೈ ಬಿಡಿಸಿ ತೋರಿಸಿದಳು.

“ನಮ್ಮನೆಯವ್ರ ಎಣ್ಣೆ ದೋಸೆ ತಿಂದು ಕೈ ಸರಿಯಾಗಿ ಒರೆಸ್ಕಂಡಿರ್ಲಿಲ್ಲ ದೊಡ್ಡವ್ವ. ಉತ್ತರ ಪತ್ರಿಕೆ ಈಸ್ಕಂಡೆ ನೋಡಿ, ಮೊದಲನೇ ಪುಟದ ಮೇಲೆ ನನ್ ಹೆಬ್ಬೆಟ್ಟು ಬಿತ್ತು. ಮೇಡಂ ಬಂದು ಇದೇನಮ್ಮಾ ಅಂದ್ರು. ಹೆಬ್ಬೆಟ್ಟು ಒತ್ತಿಯಾಯ್ತು ಮೇಡಂ, ಇನ್ ಮೇಲೆ ಬರೀತೀನಿ ಅಂದೆ.”

ದೊಡ್ಡವ್ವ ನಕ್ಕರು. ನಗುತ್ತಾ ನಗುತ್ತಾ ತಮ್ಮ ಹೆಬ್ಬೆಟ್ಟನ್ನು ಒಂದು ಸಲ ನೋಡಿಕೊಂಡರು. ಆಮೇಲೆ ಎದ್ದು, ನಾಳೆ ಬೇಗ ಬತ್ತೀವಿ ಎಂದು ಹೇಳಿ ಗುಂಪಿನ ಜೊತೆ ಹೊರಟರು.

ಅವರು ಹೋದ ಮೇಲೆ ಹೆಂಡತಿ ಒಳಗೆ ಹೋದಳು. ಒಲೆ ಹಚ್ಚುತ್ತಾಳೆ ಎಂದುಕೊಂಡೆ. ಪುಸ್ತಕ ಹಿಡಿದು ಹೊರಗೆ ಬಂದಳು. ನಾಡಿದ್ದು ಗಣಿತ, ಹೇಳಿಕೊಡಿ ಎಂದಳು.

ನಾನು ತಡವರಿಸಿದೆ. ಇಷ್ಟು ವರ್ಷ ಅವಳ ಮುಂದೆ ಹೇಳಿರದ ಒಂದು ವಿಷಯ ಇತ್ತು, ಹೇಳಿಬಿಟ್ಟೆ. ನಾನು ಗಣಿತದಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ಪಾಸಾದವನು.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. “ಗೊತ್ತು ಕಣ್ರೀ. ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಎಲ್ಲೆಲ್ಲಿ ತಪ್ತದೆ ಅಂತ ನಿಮಗೆ ಚೆನ್ನಾಗಿ ಗೊತ್ತಿರ್ತದಲ್ಲ.”

ಹಸುಗಳು ಕೊಟ್ಟಿಗೆಯಿಂದ ಕೂಗುತ್ತಿದ್ದವು. ಇನ್ನೊಂದು ಗಂಟೆ ಬೆಳಕಿತ್ತು. ಮೊದಲ ಪಾಠದಿಂದಲೇ ಶುರು ಮಾಡಿದೆವು.